ಕೋಟಿನ ಮೇಲಿನ ಪುಡಿ

ಹಾಡು ಎದ್ದದ್ದು ಗಡ್ಡಕ್ಕೆ ಸೋಪು ಹಚ್ಚುವಾಗ. ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬ್ರಷ್ ತಿರುಗಿಸುವಷ್ಟರಲ್ಲಿ ಅದು ಥಿಯೋಫೀಲನ ಮೂಗಿನೊಳಗೆ ಗುಂಯ್‌ಗುಡತೊಡಗಿತ್ತು. ಕತ್ತಿ ಗಂಟಲ ಮೇಲೆ ಇಳಿಯುವಾಗ ಕಾಲ ಹೆಬ್ಬೆರಳು ಅಡಿಗೆಮನೆಯ ನೆಲದ ಮೇಲೆ ತಾಳ ಹಾಕುತ್ತಿತ್ತು. ಏನು ಗುನುಗುತ್ತಿದ್ದೇನೆಂದು ಅವನಿಗೇ ತಿಳಿದದ್ದು ಮೂರನೆಯ ಸಾಲಿಗೆ ಬಂದಾಗ. ತಿಳಿದ ಕೂಡಲೇ ಕತ್ತಿ ನಿಂತಿತು. ಬೇರೆ ಯಾವ ದಿನವಾದರೂ ಪರವಾಗಿರಲಿಲ್ಲ. ಇವತ್ತು ಸ್ವರ್ಗಾರೋಹಣದ ಹಬ್ಬ, ಕ್ರೈಸ್ತ ಕಾರ್ಮಿಕ ಸಂಘದ ವರ್ಷದ ಮೆರವಣಿಗೆ. ವೆಲ್ಡೆಗೆಮ್ ಊರಿನ ನೂಲುವವರು, ನೇಯುವವರು, ಅಗಸೆ ನಾರು ಬಡಿಯುವವರು ಎಲ್ಲ ಹಸಿರು ಪಟ್ಟಿ ಕಟ್ಟಿಕೊಂಡು ಸಂಘದ ಮುಖಂಡನಾದ ಅವನ ಹಿಂದೆ ನಡೆಯುವ ದಿನ. ಅಂಥ ದಿನ ಬೆಳಗ್ಗೆ ಎದ್ದು ಅವನು ಗುನುಗುತ್ತಿದ್ದದ್ದು ಕೆಂಪಿನವರ ಹಾಡು. ಸಮಾಜವಾದಿ ಸಂಘದವರ ಎಷ್ಟೋ ಹಾಡುಗಳಿವೆ, ಅವುಗಳಲ್ಲಿ ಯಾವುದನ್ನೋ ಗುನುಗಿದ್ದರೆ ಪಾದ್ರಿಯ ಹತ್ತಿರ ಹೇಳಿಕೊಂಡು ತಪ್ಪಿಸಿಕೊಳ್ಳಬಹುದಿತ್ತು. ಇದು ಯುದ್ಧಕ್ಕೂ ಮುಂಚಿನ ದೊಡ್ಡ ಮುಷ್ಕರದಲ್ಲಿ ಅವನನ್ನೇ ಹಂಗಿಸಲು ಕಟ್ಟಿದ್ದು:

ಫೀಲಣ್ಣ ಬಂದ, ಫೀಲಣ್ಣ ಬಂದ,
ಯಜಮಾನನ ಮನೆಯಿಂದ;
ನಮಗೇನ್ ತಂದ? ನಮಗೇನ್ ತಂದ?
ಕೋಟಿನ ಮೇಲಿನ ಪುಡಿಯೊಂದ!

ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದ ಗೊದಲೀವ ಏನು ಹಾಡುತ್ತಿದ್ದೀರೆಂದು ಕೇಳಿದಳು. ಮರಿಯಮ್ಮನ ಹಾಡು ಎಂದ. ಮದುವೆಯಾಗಿ ಮೂವತ್ತು ವರ್ಷವಾದ ಹೆಂಡತಿಗೆ ಸುಳ್ಳು ಹೇಳುವಾಗ ಕನ್ನಡಿ ನೋಡಿಕೊಂಡಿರುವುದು ಒಳ್ಳೆಯದು. "ಮರಿಯಮ್ಮ ಕೋಟಿನ ಮೇಲೆ ಪುಡಿ ಉದುರಿಸಿಕೊಂಡಿದ್ದು ನಂಗೆ ಗೊತ್ತಿರ್ಲಿಲ್ಲ ಕಣ್ರೀ" ಎಂದಳು ಗೊದಲೀವ. ಹೇಳಿ, ಒಲೆಯ ಬಾಗಿಲು ತೆಗೆದು, ಹಬ್ಬದ ಅಕ್ಕಿ ಟಾರ್ಟನ್ನು ಬಟ್ಟೆ ಹಿಡಿದು ಈಚೆಗೆ ಎಳೆದಳು. ಹಾಲಿನಲ್ಲಿ ಬೆಂದ ಅಕ್ಕಿ, ಕೇಸರಿ, ದಾಲ್ಚಿನ್ನಿ. ಸುತ್ತ ಕಂದುಬಣ್ಣಕ್ಕೆ ತಿರುಗಿದ ಹಿಟ್ಟಿನ ಅಂಚು. ಪರಿಮಳ ಅಡಿಗೆಮನೆಯನ್ನೆಲ್ಲ ತುಂಬಿತು. ಥಿಯೋಫೀಲ್ ಮೂಗಿನಿಂದ ಉಸಿರಾಡುವುದನ್ನು ನಿಲ್ಲಿಸಿದ. ಆ ಮುಷ್ಕರದಿಂದ ಈಚೆಗೆ ಅವನು ಅಕ್ಕಿ ಟಾರ್ಟು ಮುಟ್ಟಿಲ್ಲ. ಹೊಟ್ಟೆಗೆ ಒಗ್ಗುವುದಿಲ್ಲ ಎಂದು ಊರಿಗೆಲ್ಲ ಹೇಳಿದ್ದಾನೆ, ಊರು ನಂಬಿದ ಹಾಗೆ ನಟಿಸುತ್ತಿದೆ.

ನಾಲ್ಕು ಗಂಟೆಗೆ ಪಕ್ಷದ ಅಧ್ಯಕ್ಷರು ಮನೆಗೆ ಬರುತ್ತಾರೆ. ಅದೇ ಅವನ ತಲೆಬಿಸಿ. ವಾನ್ ಹಾರ್ಲೆನ್ ಎಂಬ ಆ ದೊಡ್ಡ ಮನುಷ್ಯ ಬ್ರಸೆಲ್ಸ್‌ನಿಂದ ಕಾರಿನಲ್ಲಿ ಬಂದು ಮೊದಲು ಮೆರವಣಿಗೆ ನೋಡಿ, ಆಮೇಲೆ ಮನೆಗೆ ಬಂದು, ಒಂದು ಮಾತು ಕೇಳಿಸಿಕೊಂಡು ಹೋಗುತ್ತಾರೆ: ಹೊಸ ಸರ್ಕಾರದಲ್ಲಿ ಕಾರ್ಮಿಕ ಮಂತ್ರಿ ಆಗುತ್ತೀಯೋ ಇಲ್ಲವೋ. ಇಷ್ಟು ವರ್ಷ ಥಿಯೋಫೀಲ್ ಮಂತ್ರಿಗಳನ್ನು ಮಾಡಿದವನೇ ಹೊರತು ಆದವನಲ್ಲ. ಈ ಅಡಿಗೆಮನೆಯ ಮೇಜಿನ ಸುತ್ತ ಕೂತು ಕಾಫಿ ಕುಡಿದು ಹೋದವರಲ್ಲಿ ಇಬ್ಬರು ಮಂತ್ರಿಗಳಾದರು, ಒಬ್ಬ ಆಗಬೇಕಾಗಿದ್ದವನು ಆಗಲಿಲ್ಲ. ಮಕ್ಕಳಿರುವ ಕೂಲಿಯವರಿಗೆ ತಿಂಗಳ ಭತ್ಯೆ ಕೊಡುವ ಕಾನೂನಿನ ಮೂರನೆಯ ಕಲಮು ಹುಟ್ಟಿದ್ದು ಇದೇ ಮೇಜಿನ ಮೇಲೆ, ಗೊದಲೀವ ಬಟಾಣಿ ಸುಲಿಯುತ್ತಿದ್ದಾಗ. ಫೋನಿನಲ್ಲಿ ಅವನು ಒಮ್ಮೆ ಕೆಮ್ಮಿದರೆ ರಾಜಧಾನಿಯಲ್ಲಿ ನಾಲ್ಕು ಜನ ಕೊಡೆ ಬಿಚ್ಚುತ್ತಾರೆ ಎಂದು ಪತ್ರಿಕೆಯೊಂದು ಬರೆದಿತ್ತು. ಅದನ್ನು ಓದಿ ಅವನು ನಾಚಿಕೊಂಡಿದ್ದ, ಆಮೇಲೆ ಎರಡನೆಯ ಸಲ ಓದಿದ್ದ. ಅವನಿಗೆ ಮಂತ್ರಿಯಾಗುವ ಆಸೆ ಇತ್ತು. ಇದೆ ಎಂದು ಗೊತ್ತಾದದ್ದೇ ಅವನನ್ನು ಕೆಡಿಸಿತ್ತು. ಬೇಡ ಎನಿಸಿದ್ದರೆ ತ್ಯಾಗ ಎಂದುಕೊಂಡು ಒಪ್ಪಬಹುದಿತ್ತು. ಹಸಿದವನು ತಟ್ಟೆಯ ಮುಂದೆ ಕೂತಾಗ ಬಾಯಿಂದ ಬರುವ ಹೂಂ ಯಾರದು, ಅವನದೋ ಹೊಟ್ಟೆಯದೋ? ಈ ಪ್ರಶ್ನೆ ಅವನಿಗೆ ಹಳೆಯ ಪರಿಚಯ. ಗೊದಲೀವಳನ್ನು ಕೇಳಿದರೆ, ಆಗೋದಾದ್ರೆ ಆಗಿ, ನಾನಂತೂ ಬ್ರಸೆಲ್ಸ್‌ಗೆ ಬರೋಳಲ್ಲ, ಕೋಳಿಗಳಿಗೆ ಯಾರು ಹಾಕ್ತಾರೆ ಎಂದಿದ್ದಳು. ಅವಳ ಚಿಂತೆ ಎಲ್ಲ ಮುಂಬಾಗಿಲಿನದು. ಈ ಬೀದಿಯಲ್ಲಿ ಎಲ್ಲರೂ ಓಡಾಡುವುದು ಹಿತ್ತಿಲ ಬಾಗಿಲಿನಲ್ಲಿ. ಪಿಂಚಣಿ ಬರಲಿಲ್ಲ ಎನ್ನುವ ವಿಧವೆ, ಕೆಲಸ ಹೋಯಿತು ಎನ್ನುವ ಗಂಡಸು, ಎಲ್ಲರೂ ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ ಬಗ್ಗಿ, ಬಾಗಿಲು ತಟ್ಟದೆ ಒಳಗೆ ಬಂದು ಕೂರುತ್ತಾರೆ. ಮುಂಬಾಗಿಲು ಮದುವಣಗಿತ್ತಿಗೆ, ಶವಪೆಟ್ಟಿಗೆಗೆ. ಅವನ ತಾಯಿ ಹೊರಟ ಮೇಲೆ ಅದನ್ನು ತೆಗೆದೇ ಇಲ್ಲ. ಲೈ ನದಿಯ ತೇವಕ್ಕೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿದೆ. "ಆ ಮನುಷ್ಯರು ಬರೋದು ಮುಂದಿನಿಂದ್ಲೇ. ಹಿತ್ತಿಲು ಅನ್ನೋದೊಂದಿದೆ ಅಂತ ಅವರಿಗೆ ಗೊತ್ತೂ ಇರಲ್ಲ" ಎಂದು ಹೇಳಿ ಗೊದಲೀವ ಅವನ ಕಾಲರಿನ ಗುಂಡಿ ಹಾಕಿದಳು. ಗಂಜಿ ಹಾಕಿದ ಕಾಲರು ಗಂಟಲಿಗೆ ಒತ್ತುತ್ತಿತ್ತು.

ಪೂಜೆಯ ಹೊತ್ತಿಗೆ ಹಾಡು ಅಡಗಿತೆಂದುಕೊಂಡ. ಮೊದಲ ಬೆಂಚಿನಲ್ಲಿ ಟೋಪಿಯನ್ನು ಮೊಣಕಾಲ ಮೇಲಿಟ್ಟು ಕೂತ. ಮುಂದೆ ಸಂಘದ ಗುರು ಪಾದ್ರಿ ಮಾಸ್ ಲ್ಯಾಟಿನ್ನಿನಲ್ಲಿ ಅವಸರ ಮಾಡುತ್ತಿದ್ದರು, ಅವರಿಗೂ ಮೆರವಣಿಗೆಯ ಚಿಂತೆ. ಗಾಜಿನ ಕಿಟಕಿಯಿಂದ ನೀಲಿ ಬೆಳಕು ಬಂದು ನೆಲದ ಮೇಲೆ ತಟ್ಟೆಯಗಲ ಬಿದ್ದಿತ್ತು. ಮುಷ್ಕರದ ಆ ದಿನದ ತಟ್ಟೆಯ ಅಂಚೂ ನೀಲಿ, ನಡುವೆ ಬಿಳಿ, ಚಿನ್ನದ ಗೆರೆ ಬೇರೆ. ಗಿರಣಿಯ ಯಜಮಾನ ಮೊಸ್ಯೋ ದೆಲ್‌ಫೋರ್ ಅದನ್ನು ತಾನೇ ಅವನ ಮುಂದೆ ಸರಿಸಿದ್ದ. ಗಿರಣಿ ನಿಂತು ಆರು ವಾರ. ಥಿಯೋಫೀಲ್ ಹಿಂದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ, ತಿಂದಿಲ್ಲವೆಂದು ತೋರಬಾರದೆಂದು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಹೊರಗೆ ಗೇಟಿನ ಹತ್ತಿರ ಹಸಿರಿನವರೂ ಕೆಂಪಿನವರೂ ಮೊದಲ ಬಾರಿ ಒಂದೇ ಕಡೆ ನಿಂತು ಕಾಯುತ್ತಿದ್ದರು. ಯಜಮಾನ ಫ್ರೆಂಚಿನಲ್ಲಿ ಏನೋ ಹೇಳಿ, ಆಮೇಲೆ ಆಳುಗಳ ಜೊತೆ ಆಡುವ ಊರಿನ ಮಾತಿನಲ್ಲಿ, ತಗೋ, ಮನೆಯಲ್ಲೇ ಮಾಡಿದ್ದು ಎಂದ. ಬೇಡ ಎನ್ನಬೇಕಿತ್ತು. ಬೇಡ ಎನ್ನಲು ಬಾಯಿ ತೆರೆದ, ತೆರೆದ ಬಾಯಿಗೆ ಟಾರ್ಟು ಹೋಯಿತು. ಆಹಾ ಎಂಬ ಹಾಗಿತ್ತು. ನಾಲಿಗೆಯ ಮೇಲೆ ಕೇಸರಿ ಕರಗುತ್ತಿರುವಾಗಲೇ ಯಜಮಾನ, ನೂರಕ್ಕೆ ಐದು ಹೆಚ್ಚು ಕೊಡ್ತೀನಿ, ಶನಿವಾರ ಅರ್ಧ ದಿನ ರಜ ಎಂದ. ಥಿಯೋಫೀಲನ ತಲೆ ತಾನೇ ಮೇಲೆ ಕೆಳಗೆ ಆಡಿತು. ಗೇಟಿಗೆ ಬಂದು ಪೀಪಾಯಿಯ ಮೇಲೆ ಹತ್ತಿ, ಗೆದ್ದೆವು ಎಂದು ಹೇಳುತ್ತಿದ್ದಾಗ ಮುಂದಿನ ಸಾಲಿನಲ್ಲಿದ್ದ ಕೆಂಪಿನವರ ಸೀಸ್ ಬ್ರಾಕ ಅವನ ಎದೆಯನ್ನೇ ನೋಡುತ್ತಿದ್ದ. ಕಪ್ಪು ಕೋಟಿನ ಮೇಲೆ ಟಾರ್ಟಿನ ಪುಡಿ. ಸಂಜೆಯೊಳಗೆ ಸೀಸ್‌ನ ಅಕಾರ್ಡಿಯನ್ ಮೇಲೆ ಹಾಡು ಸಿದ್ಧವಾಗಿತ್ತು. ಹಾಡಿನಿಂದ ಅಂಥ ನೋವೇನೂ ಆಗಲಿಲ್ಲ, ಜನ ನಕ್ಕರು, ಅವನೂ ನಕ್ಕ. ನೋವು ಬಂದದ್ದು ಎಷ್ಟೋ ವರ್ಷದ ಮೇಲೆ, ಮುದಿ ಯಜಮಾನನ ಮಣ್ಣಿನ ದಿನ. ಮಗ ದೆಲ್‌ಫೋರ್ ಕೈಕುಲುಕಿ ತಮಾಷೆಗೆಂಬಂತೆ, ನಮ್ಮಪ್ಪ ಅವತ್ತು ಏಳರ ತನಕ ಹೋಗಲು ತಯಾರಾಗಿದ್ದ ಗೊತ್ತಾ ಎಂದು ಕಣ್ಣು ಮಿಟುಕಿಸಿದ. ಐದಕ್ಕೆ ತಲೆಯಾಡಿಸಿದ್ದು ತನ್ನ ಬುದ್ಧಿಯೋ ಟಾರ್ಟೋ? ಅಂದಿನಿಂದ ಇಂದಿನವರೆಗೆ ಎಷ್ಟು ಕರಾರುಗಳಿಗೆ ರುಜು ಹಾಕಿದ್ದಾನೆ, ಎಷ್ಟು ಮಂತ್ರಿಗಳನ್ನು ಏರಿಸಿ ಇಳಿಸಿದ್ದಾನೆ. ಒಂದು ಟಾರ್ಟು ಮಾತ್ರ ಇನ್ನೂ ಅರಗಿಲ್ಲ. ಪಕ್ಕದ ಬೆಂಚಿನವನು ಮೊಣಕೈಯಿಂದ ತಿವಿದ. ಎಲ್ಲರೂ ಮಂಡಿಯೂರಿದ್ದರು, ಅವನೊಬ್ಬ ಕೂತಿದ್ದ, ಟೋಪಿಯ ಮೇಲೆ ಬೆರಳುಗಳು ತಾಳ ಹಾಕುತ್ತಿದ್ದವು.

ಹೊರಗೆ ಬಂದಾಗ ಬಿಸಿಲು. ಇಗರ್ಜಿಯ ಮುಂದಿನ ಮರಗಳು ಹೂ ಹಿಡಿದು ನಿಂತಿದ್ದವು, ಗಾಳಿಯಲ್ಲಿ, ನಾರಿಗೆಂದು ನದಿಯಲ್ಲಿ ಕೊಳೆಹಾಕಿದ ಅಗಸೆಯ ವಾಸನೆ. ಊರಿನವರಿಗೆ ಅದು ವಾಸನೆಯೇ ಅಲ್ಲ, ಅನ್ನದ ಪರಿಮಳ. ಪುರಸಭೆಯ ಮೆಟ್ಟಿಲ ಮೇಲೆ ನಿಂತ ಪಕ್ಷದ ಅಧ್ಯಕ್ಷರು ಮಾತ್ರ ಕರವಸ್ತ್ರವನ್ನು ಮೂಗಿನಿಂದ ತೆಗೆದಿರಲಿಲ್ಲ. ಅವರ ಪಕ್ಕ ಪಾದ್ರಿ ಮಾಸ್. ಎದುರಿಗೆ, ಚೌಕದ ಆಚೆ ಬದಿ, ಕೆಂಪಿನವರ ಜನತಾಭವನ. ಅದರ ಮುಂದೆ ಕುರ್ಚಿ ಹಾಕಿಕೊಂಡು ಬಿಯರ್ ಕುಡಿಯುತ್ತ ಕೆಂಪಿನವರು ಪ್ರತಿ ವರ್ಷದಂತೆ ಹಸಿರಿನವರ ಮೆರವಣಿಗೆ ನೋಡಲು ಕೂತಿದ್ದರು. ಮೇ ತಿಂಗಳ ಮೊದಲ ದಿನ ಹಸಿರಿನವರು ಹೀಗೆಯೇ ಕೂತು ಅವರದನ್ನು ನೋಡುತ್ತಾರೆ. ಈ ಊರಿನಲ್ಲಿ ಎಲ್ಲವೂ ಎರಡೆರಡು. ಎರಡು ಬೇಕರಿ, ಎರಡು ಔಷಧಿ ಅಂಗಡಿ, ಎರಡು ಕ್ಷೌರದವರು, ಪಾರಿವಾಳ ಹಾರಿಸುವವರದೂ ಎರಡು ಕೂಟ. ಕೆಮ್ಮು ಬಂದರೆ ಕ್ರೈಸ್ತ ಸಿರಪ್ಪು, ಕೆಂಪು ಸಿರಪ್ಪು ಬೇರೆಬೇರೆ. ಬಾಟಲಿಯೊಳಗಿನದು ಒಂದೇ ಎಂದು ಎಲ್ಲರಿಗೂ ಗೊತ್ತು, ಆದರೆ ಗುಣವಾಗಬೇಕಲ್ಲ. ಒಂದೇ ಇರುವುದು ನದಿ, ಗಿರಣಿ, ಮತ್ತು ಆ ಹಾಳು ಹಾಡು. ಅದನ್ನು ಜೋಗುಳ ಹಾಡಿದ ಹಾಗೆ ಹಾಡಿ ಹಸಿರು ತಾಯಂದಿರೂ ಮಕ್ಕಳನ್ನು ಮಲಗಿಸುತ್ತಾರೆ ಎಂಬ ಸುದ್ದಿ ಅವನ ಕಿವಿಗೂ ಬಿದ್ದಿತ್ತು.

ಮೆರವಣಿಗೆ ಹೊರಟಿತು. ಮುಂದೆ ಬಾವುಟ, ಬಾವುಟದ ಹಿಂದೆ ಅವನೊಬ್ಬನೇ ಕೊಡೆ ಊರಿಕೊಂಡು, ಅವನ ಬೆನ್ನಿಗೆ ಸಂತ ಸೆಸಿಲಿಯಾ ಬ್ಯಾಂಡು. ಅಂಗಡಿ ಬೀದಿ ದಾಟುವ ತನಕ ಎಲ್ಲ ಸರಿಯಾಗಿಯೇ ಇತ್ತು. ಎಡಬಲದ ಮುಖಗಳು ಒಂದೊಂದಾಗಿ ಹಿಂದೆ ಸರಿದವು. ಹೆಂಗಸರು ಕಿಟಕಿಯಿಂದ ಕೈ ಬೀಸಿದರು. ಈಕೆಯ ಗಂಡನಿಗೆ ಪಿಂಚಣಿ ಕೊಡಿಸಿದ್ದೆ, ಅವನ ತಮ್ಮನಿಗೆ ಆಗಲಿಲ್ಲ, ಅದಕ್ಕೇ ಅವನು ಬೇರೆ ಕಡೆ ನೋಡುತ್ತಿದ್ದಾನೆ. ಮಂತ್ರಿಯಾದರೆ ಇವರಾರೂ ಹಿತ್ತಿಲಿಗೆ ಬರುವುದಿಲ್ಲ. ಬಂದರೂ ಬಾಗಿಲು ತಟ್ಟಿ ಬರುತ್ತಾರೆ. ಆ ಯೋಚನೆಯನ್ನು ಓಡಿಸಲು ಸಣ್ಣಗೆ ಹೂಂಗುಟ್ಟಿದ, ಹೂಂಗುಟ್ಟಿದ್ದು ಹಾಡಾಯಿತು. ಅವನಿಗೆ ತಿಳಿಯಲಿಲ್ಲ. ಬ್ಯಾಂಡಿನವರು ಒಂದು ಧಾಟಿ ಮುಗಿಸಿ ಇನ್ನೊಂದಕ್ಕೆ ಉಸಿರು ತೆಗೆದುಕೊಳ್ಳುವಾಗ ಬರೀ ಡೊಳ್ಳು ಹೆಜ್ಜೆಯ ಲೆಕ್ಕ ಹಿಡಿದಿರುತ್ತದೆ. ಡೊಳ್ಳಿನ ಒಮೇರ್‌ಗೆ ಮುಂದಿದ್ದವರ ಕಾಲು ನೋಡಿ ಬಾರಿಸುವ ರೂಢಿ. ಮುಂದಿದ್ದದ್ದು ಥಿಯೋಫೀಲನ ಕೊಡೆ. ಕೊಡೆ ಕಲ್ಲುಹಾಸಿನ ಮೇಲೆ ಫೀ-ಲಣ್ಣ-ಬಂದ, ಫೀ-ಲಣ್ಣ-ಬಂದ ಎಂದು ಕುಟ್ಟುತ್ತಿತ್ತು. ಒಮೇರ್‌ನ ಕೈ ಅದಕ್ಕೆ ಜಾರಿತು. ಡೊಳ್ಳು ಆ ಲಯ ಹಿಡಿದ ಮೇಲೆ ವೆಲ್ಡೆಗೆಮ್‌ನಲ್ಲಿ ಹುಟ್ಟಿದ ಯಾವ ತುತ್ತೂರಿ ತಾನೇ ಸುಮ್ಮನಿರುತ್ತದೆ? ಮೊದಲು ಒಂದು, ಆಮೇಲೆ ಎರಡು, ಆಮೇಲೆ ಇಡೀ ಸಂತ ಸೆಸಿಲಿಯಾ, ಹೊಳೆಯುವ ಹಿತ್ತಾಳೆಯೆಲ್ಲ ಒಟ್ಟಿಗೆ, ಕೋಟಿನ ಮೇಲಿನ ಪುಡಿಯನ್ನು ಆಕಾಶಕ್ಕೆ ಊದಿತು.

ಹಿಂತಿರುಗಿ ನೋಡುವ ಧೈರ್ಯ ಅವನಿಗಾಗಲಿಲ್ಲ. ಜನತಾಭವನದ ಮುಂದೆ ಕುರ್ಚಿಗಳು ಕರಕರ ಸರಿದ ಸದ್ದು. ಕೆಂಪಿನವರು ಎದ್ದು ನಿಂತಿದ್ದರು, ಗ್ಲಾಸು ಎತ್ತಿ ಹಾಡುತ್ತಿದ್ದರು. ಹಸಿರಿನವರೂ ಹಾಡುತ್ತಿದ್ದರು. ಕಿಟಕಿಯ ಹೆಂಗಸರು, ಬೇಲಿಯ ಮೇಲೆ ಕೂತ ಹುಡುಗಿಯರು, ಹಸಿರು ಕ್ಷೌರದವನು, ಕೆಂಪು ಕ್ಷೌರದವನು. ನಮಗೇನ್ ತಂದ, ನಮಗೇನ್ ತಂದ ಎಂದು ಇಡೀ ಊರು ಕೇಳುತ್ತಿತ್ತು, ಉತ್ತರವನ್ನು ತಾನೇ ಹೇಳಿಕೊಂಡು ನಗುತ್ತಿತ್ತು. ಥಿಯೋಫೀಲ್ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ನಡೆದ. ಕೈ ತನ್ನಷ್ಟಕ್ಕೆ ಕೋಟಿನ ಎದೆಯನ್ನು ಝಾಡಿಸುತ್ತಿತ್ತು, ಅಲ್ಲೇನೂ ಇರಲಿಲ್ಲ. ಇಲ್ಲಿಗೆ ಮುಗಿಯಿತು, ಮಂತ್ರಿಗಿರಿಗೆ ಎಳ್ಳುನೀರು ಎಂದುಕೊಂಡ. ಅಂದುಕೊಂಡು ಹಗುರವಾಯಿತು, ಹಗುರವಾದದ್ದಕ್ಕೆ ಬೇಸರವಾಯಿತು. ಮೆಟ್ಟಿಲ ಹತ್ತಿರ ಬಂದು ತಲೆಯೆತ್ತಿದರೆ ಅಧ್ಯಕ್ಷರು ಕರವಸ್ತ್ರವನ್ನೇ ಬೀಸುತ್ತಿದ್ದಾರೆ. ಮನೆಯಲ್ಲಿ ಫ್ರೆಂಚ್ ಆಡುವ ಆ ಮನುಷ್ಯರಿಗೆ ಈ ಊರಿನ ಆಡುಮಾತು ಹಾಡಾಗಿ ಬಂದರೆ ಒಂದಕ್ಷರ ತಿಳಿಯದು. ಹಾಡಿನ ಅರ್ಥವೇನೆಂದು ಪಾದ್ರಿ ಮಾಸ್‌ರನ್ನು ಕೇಳಿದರಂತೆ. ಪಾದ್ರಿ ಸುಳ್ಳು ಹೇಳುವ ಹಾಗಿಲ್ಲ. ಅದರಲ್ಲಿ ಇವರ ಹೆಸರಿದೆ ಎಂದಷ್ಟೇ ಹೇಳಿದರಂತೆ. "ನಿಮ್ಮ ವಿರೋಧಿಗಳೂ ಎದ್ದುನಿಂತು ನಿಮ್ಮ ಕೀರ್ತನೆ ಹಾಡುತ್ತಾರೆ. ಇಂಥದ್ದನ್ನು ನಾನು ಎಲ್ಲಿಯೂ ಕಂಡಿಲ್ಲ" ಎಂದು ಅಧ್ಯಕ್ಷರು ಪುಸ್ತಕದ ಭಾಷೆಯಲ್ಲಿ ಹೇಳಿ ಅವನ ಎರಡೂ ಕೈ ಹಿಡಿದುಕೊಂಡರು. ಹಿಂದೆ ಪಾದ್ರಿ ಮಾಸ್ ತಮ್ಮ ಬೂಟಿನ ತುದಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಭಾಷಣ ಮುಗಿಸಿ ಮನೆಗೆ ಬಂದ ಥಿಯೋಫೀಲ್ ಕಾಲರು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಕೂತಿದ್ದ. ಗೊದಲೀವ ಮುಂದಿನ ಕೋಣೆಯಲ್ಲಿ ಕುರ್ಚಿಗಳ ಮುಸುಕು ತೆಗೆಯುತ್ತಿದ್ದಳು. ಹಿತ್ತಿಲಲ್ಲಿ ಕೋಳಿಗಳು ಗಲಾಟೆ ಮಾಡಿದವು, ಬಾಗಿಲು ತೆರೆಯಿತು, ಒಳಗೆ ಬಂದದ್ದು ಸೀಸ್ ಬ್ರಾಕ. ಎದುರು ಸಾಲಿನಲ್ಲೇ ಮನೆ, ಗಿರಣಿಯಲ್ಲಿ ಒಂದೇ ಪಾಳಿ, ಎಷ್ಟೋ ಕರಾರಿನ ಮೇಜುಗಳಲ್ಲಿ ಅಕ್ಕಪಕ್ಕ ಕೂತವರು. ಆದರೆ ಕೆಂಪು ಸಂಘದ ಮುಖಂಡ ಈ ಅಡಿಗೆಮನೆಗೆ ಕಾಲಿಟ್ಟದ್ದು ಇದೇ ಮೊದಲು. ಮುದುಕನಾಗಿದ್ದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತ, ತಾನು ಬಂದದ್ದು ಒಂದು ಮಾತು ಹೇಳಲಿಕ್ಕೆ ಎಂದ. ಇವತ್ತಿನದು ನಮ್ಮ ಕೆಲಸ ಅಲ್ಲ, ಊದಿದ್ದು ನಿನ್ನ ಬ್ಯಾಂಡೇ, ಮಂತ್ರಿ ಆಗೋ ದಿನ ಕಾಲೆಳೆದ ಅಂತ ನನ್ನ ಮೇಲೆ ಬರಬಾರದು ಎಂದ. ಗೊದಲೀವ ಒಳಬಂದು ಕಾಫಿ ಬಗ್ಗಿಸಿದಳು. ಹಸಿರು ಕಾಫಿ ಕುಡಿದದ್ದು ಗೊತ್ತಾದರೆ ಸಂಘದಿಂದ ತೆಗೆಯುತ್ತಾರೆಂದು ಸೀಸ್ ಹೇಳಿದ, ಹೇಳುತ್ತಲೇ ಕುರ್ಚಿ ಎಳೆದುಕೊಂಡು ಕುಡಿದ. ಮೇಜಿನ ಮಧ್ಯೆ ಟಾರ್ಟು ಇತ್ತು. ಇಬ್ಬರೂ ಅದನ್ನು ನೋಡಲಿಲ್ಲ. ಅಷ್ಟು ದೊಡ್ಡ ಟಾರ್ಟನ್ನು ನೋಡದೆ ಕೂರಲು ಇಬ್ಬರೂ ಗೋಡೆಯ ಕ್ಯಾಲೆಂಡರನ್ನು ನೋಡಬೇಕಾಯಿತು.

ಹೇಳಬೇಕೆಂದು ಥಿಯೋಫೀಲ್ ಅಂದುಕೊಂಡಿರಲಿಲ್ಲ. ಪಾಪನಿವೇದನೆಯಲ್ಲಿಯೂ ಹೇಳದ ಮಾತು ಅದು. "ಮುದಿಯ ಏಳಕ್ಕೆ ತಯಾರಿದ್ನಂತೆ ಸೀಸ್. ನಾನು ಐದಕ್ಕೆ ತಲೆ ಆಡಿಸಿಬಿಟ್ಟೆ" ಎಂದುಬಿಟ್ಟ.

ಸೀಸ್ ಕಪ್ಪು ಕೆಳಗಿಟ್ಟ. "ಇದಕ್ಕಾ ನೀನು ಇಷ್ಟು ವರ್ಷ ಹಬ್ಬದ ದಿನ ಹೊಟ್ಟೆನೋವು ಅಂದಿದ್ದು?" ಎಂದು ಕೇಳಿದ. "ಎಂಟಕ್ಕೂ ತಯಾರಿದ್ದನೇನೋ, ಯಾರಿಗ್ಗೊತ್ತು. ಮುಷ್ಕರದವರಿಗೆ ಕಾಯಿಸ್ತಿದ್ದ ನಮ್ಮ ಸೂಪಿನ ಹಂಡೆ ಅವತ್ತು ಬೆಳಗ್ಗೆ ತಳ ಕಂಡಿತ್ತು ಕಣಯ್ಯಾ. ಮಕ್ಕಳಿಗೆ ಬಿಸಿನೀರಿಗೆ ಈರುಳ್ಳಿ ಹಾಕಿ ಕೊಟ್ವಿ. ನೀನು ಬರಿಗೈಲಿ ಬಂದಿದ್ರೆ ಮಾರನೇ ದಿನ ನಾನೇ ಆ ಮನೆಗೆ ಹೋಗಿ ಹಳೇ ಕೂಲಿಗೇ ಹೂಂ ಅಂತಿದ್ದೆ. ನಮ್ಮೋರಿಗೆ ಅದನ್ನ ಹೇಳೋಕಾಗ್ತಿತ್ತಾ? ಅದಕ್ಕೇ ಹಾಡು ಕಟ್ಟಿದ್ದು. ಸೋತಿದ್ರೆ ಯಾವನು ಹಾಡು ಕಟ್ತಾನೆ?"

ಥಿಯೋಫೀಲ್ ಕಾಲರನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದ. ಎಲ್ಲೋ ಒಂದು ಗಂಟು ಸಡಿಲವಾಗುತ್ತಿದೆ ಎನಿಸಿತು, ಜೊತೆಗೆ ಸಿಟ್ಟೂ ಬಂತು. ಇದನ್ನು ಹೇಳಲು ಈ ಮನುಷ್ಯನಿಗೆ ಬೀದಿ ದಾಟುವಷ್ಟು ಪುರುಸೊತ್ತಿರಲಿಲ್ಲವೇ. ತಾನೂ ದಾಟಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಸೂಪು ಇರಲಿಲ್ಲ ಸರಿ, ಆದರೆ ತನಗೆ ಅದು ಗೊತ್ತಿರಲಿಲ್ಲವಲ್ಲ. ತಲೆಯಾಡಿಸಿದ್ದು ಯಾವುದು ಎಂಬುದು ಹಾಗೇ ಉಳಿಯಿತು. ಸೀಸ್ ಮೇಜಿನ ಮೇಲೆ ಸ್ವಲ್ಪ ಬಗ್ಗಿ, ದನಿ ತಗ್ಗಿಸಿದ. "ಅದ್ಸರಿ, ಹೆಂಗಿತ್ತು ಅದು? ಅವತ್ತಿಂದ ಕೇಳ್ಬೇಕು ಅಂತಿದ್ದೆ. ನಿನ್ನ ಕೋಟು ನೋಡಿ ನನ್ನ ಬಾಯಲ್ಲಿ ನೀರು ಬಂತು ಮಾರಾಯ, ಹೊಟ್ಟೆಕಿಚ್ಚು ನಂಗೆ. ದಾಲ್ಚಿನ್ನಿ ಹಾಕಿದ್ರಾ?"

"ಹಾಕಿದ್ರು" ಎಂದ ಥಿಯೋಫೀಲ್. "ಕೇಸರೀನೂ. ಅಂಥದ್ದು ನಾನು ಆಮೇಲೆ ತಿಂದೇ ಇಲ್ಲ."

ಒಲೆಯ ಹತ್ತಿರ ಪಾತ್ರೆ ಸ್ವಲ್ಪ ಜೋರಾಗಿಯೇ ಸದ್ದು ಮಾಡಿತು. ಗೊದಲೀವ ಏನೋ ಹೇಳಲು ಹೊರಟಿದ್ದಳು, ಅಷ್ಟರಲ್ಲಿ ಮುಂಬಾಗಿಲ ಗಂಟೆ ಬಾರಿಸಿತು. ಆ ಗಂಟೆಯ ಸದ್ದು ಹೇಗಿರುತ್ತದೆಂದು ಮನೆಯವರಿಗೇ ಮರೆತುಹೋಗಿತ್ತು. ಕಿಟಕಿಯಿಂದ ನೋಡಿದರೆ ಬೀದಿಯಲ್ಲಿ ಕಪ್ಪು ಕಾರು, ಕಾರಿನ ಸುತ್ತ ಇಡೀ ಬೀದಿ, ಹಸಿರು ಪಟ್ಟಿಯವರೂ ಇಲ್ಲದವರೂ. ಥಿಯೋಫೀಲ್ ಬೀಗ ತೆಗೆದು ಹಿಡಿ ಜಗ್ಗಿದ. ಬಾಗಿಲು ಅಲುಗಲಿಲ್ಲ. ಆಚೆಯಿಂದ ಅಧ್ಯಕ್ಷರ ದನಿ, ತಾವು ಮನೆಯಲ್ಲಿರುವಿರಾ ಎಂದು ಕೇಳಿತು. ಇದ್ದೇನೆ, ಬಾಗಿಲೂ ಇದೆ ಎಂದು ಇವನು ಕೂಗಿದ. ಹಿತ್ತಿಲಿಂದ ಬನ್ನಿ ಎನ್ನಲು ಬಾಯಿ ಬರಲಿಲ್ಲ, ಕೋಳಿ ಗೂಡು ದಾಟಿ ಬರಬೇಕು. ಕೊನೆಗೆ ಸೀಸ್ ಅಡಿಗೆಮನೆಯಿಂದ ಎದ್ದು ಬಂದ. ಹಿಡಿಗೆ ಇಬ್ಬರ ಕೈ ಹಿಡಿಸದೆ ಸೀಸ್ ಹಿಡಿಯನ್ನೂ ಥಿಯೋಫೀಲ್ ಸೀಸ್‌ನ ಸೊಂಟವನ್ನೂ ಹಿಡಿದು, ಕಾಲನ್ನು ಚೌಕಟ್ಟಿಗೆ ಕೊಟ್ಟು, ಹಳೆಯ ಗಿರಣಿಯಲ್ಲಿ ಭಾರ ಎಳೆಯುವಾಗಿನ ಹಾಗೆ ಹೂಂ ಎಂದು ಒಟ್ಟಿಗೆ ಎಳೆದರು. ಬಣ್ಣ ಹರಿದ ಸದ್ದಿನೊಂದಿಗೆ ಬಾಗಿಲು ಬಂತು. ಇಬ್ಬರೂ ಹಿಂದಕ್ಕೆ ಹೋಗಿ ಗೋಡೆಗೆ ತಾಗಿ ನಿಂತರು. ಹೊಸ್ತಿಲಲ್ಲಿ ಅಧ್ಯಕ್ಷರು ಟೋಪಿ ತೆಗೆದು, ಮಂತ್ರಿಯಾಗಬೇಕಾದವನ ತೋಳಿನಲ್ಲಿ ಕೆಂಪು ಸಂಘದ ಮುಖಂಡನನ್ನು ಕಂಡು, ರಾಜಕೀಯದಲ್ಲಿ ತಮಗೆ ತಿಳಿಯದ್ದು ಇನ್ನೂ ಬಹಳ ಇದೆ ಎಂಬ ಮುಖ ಮಾಡಿದರು. ಸೀಸ್ ಅವರಿಗೆ ತಲೆಬಾಗಿಸಿ ತನ್ನ ಕಾಫಿಯ ಕಡೆಗೆ ಹೋದ.

ಮುಂದಿನ ಕೋಣೆಯಲ್ಲಿ ಮೇಣದ ವಾಸನೆ. ಗಾಜಿನ ಗುಮ್ಮಟದೊಳಗೆ ಯೇಸುವಿನ ಪವಿತ್ರ ಹೃದಯ, ಯಾರೂ ಕೂರದ ಕುರ್ಚಿಗಳು, ಅವುಗಳಲ್ಲೊಂದರ ಮೇಲೆ ಅಧ್ಯಕ್ಷರು. ಗೊದಲೀವ ಟಾರ್ಟನ್ನು ತಂದು ಇಬ್ಬರ ನಡುವೆ ಇಟ್ಟು, ಕತ್ತಿಯನ್ನು ಪಕ್ಕದಲ್ಲಿಟ್ಟು, ಬಾಗಿಲನ್ನು ಪೂರ್ತಿ ಮುಚ್ಚದೆ ಹೋದಳು. ಅಧ್ಯಕ್ಷರು ರಾಷ್ಟ್ರ, ಹೊಣೆ, ಮಹಾರಾಜರು ಎಂದೆಲ್ಲ ಹೇಳಿ, ಹಾಗಾದರೆ ತಮ್ಮ ಉತ್ತರ ಏನು ಎಂದು ನಿಲ್ಲಿಸಿದರು. ಪರಿಮಳ ಮೂಗಿಗೆ ಬಂತು. ಥಿಯೋಫೀಲ್ ಈ ಸಲ ಉಸಿರು ಹಿಡಿಯಲಿಲ್ಲ.

"ಒಂದ್ನಿಮಿಷ ಸ್ವಾಮಿ. ಮೊದಲು ತಿಂತೀನಿ. ಬಾಯಲ್ಲಿ ಟಾರ್ಟು ಇರೋವಾಗ ನಾನು ಯಾವ ಮಾತಿಗೂ ಹೂಂ ಅನ್ನಲ್ಲ."

ಒಂದು ದೊಡ್ಡ ತುಂಡು ಕತ್ತರಿಸಿಕೊಂಡ. ತಿಂದ. ಅವಸರ ಮಾಡಲಿಲ್ಲ. ಹಾಲಿನ ಅಕ್ಕಿ ನಾಲಿಗೆಯ ಮೇಲೆ ಒಡೆಯಿತು, ಕೇಸರಿ ಬಂತು, ಹಿಂದೆಯೇ ದಾಲ್ಚಿನ್ನಿ. ಸುಖವೆಂದರೆ ಸುಖ, ಕಣ್ಣು ತಾನೇ ಅರ್ಧ ಮುಚ್ಚಿತು. ಅವನು ಒಳಗೆ ಕಳ್ಳನನ್ನು ಕಾಯುವ ಹಾಗೆ ಕಾದು ಕೂತ, ತಲೆ ಆಡುತ್ತದೆಯೋ ನೋಡೋಣ ಎಂದು. ಅಧ್ಯಕ್ಷರು ನಗುತ್ತ, ಒಪ್ಪಿಗೆ ತಾನೇ ಎಂದು ನಡುವೆ ಒಮ್ಮೆ ಕೇಳಿದರು. ತಲೆ ಆಡಲಿಲ್ಲ. ನುಂಗಿದ, ಕಾಫಿ ಕುಡಿದ, ನಾಲಿಗೆಯಿಂದ ಹಲ್ಲು ಸವರಿಕೊಂಡ. ಒಳಗೆ ನೋಡಿಕೊಂಡರೆ ಟಾರ್ಟಿಗೆ ಮೊದಲು ಏನು ಬೇಕಿತ್ತೋ ಈಗಲೂ ಅದೇ ಬೇಕಾಗಿತ್ತು, ಯಾವುದಕ್ಕೆ ಹೆದರಿದ್ದನೋ ಅದಕ್ಕೇ ಹೆದರುತ್ತಿದ್ದ. ಟಾರ್ಟು ಏನನ್ನೂ ಹೆಚ್ಚು ಮಾಡಿರಲಿಲ್ಲ, ಕಡಿಮೆಯೂ ಮಾಡಿರಲಿಲ್ಲ. ಅದು ಬರೀ ಟಾರ್ಟು. ಅವತ್ತೂ ಅದು ಬರೀ ಟಾರ್ಟೇ ಇದ್ದಿರಬೇಕು. ಗೇಟಿನ ಹತ್ತಿರ ನಿಂತವರ ಮುಖ ನೋಡಿ ಬಂದವನಿಗೆ ಸೂಪಿನ ಹಂಡೆಯ ಸುದ್ದಿ ಬೇರೆ ಯಾರಾದರೂ ಹೇಳಬೇಕಿತ್ತೇ? ಅವನಿಗೆ ನಗು ಬಂತು. ಬಂದ ನಗುವನ್ನು ತಡೆಯಲಿಲ್ಲ.

"ಆಗ್ತೀನಿ" ಎಂದ. "ಆದ್ರೆ ಶನಿವಾರ ನಾನು ಊರಲ್ಲಿರ್ತೀನಿ, ನಮ್ಮ ಹಿತ್ತಿಲಲ್ಲಿ. ಮಹಾರಾಜರಿಗೂ ಹೇಳಿಬಿಡಿ."

ಅಧ್ಯಕ್ಷರು ಎದ್ದು ಕೈಕುಲುಕಿ, ಪ್ರಮಾಣವಚನ, ಕಪ್ಪು ಉಡುಪು, ಕಚೇರಿಯ ಕಾರು ಎಂದು ಆರಂಭಿಸಿದರು. ಥಿಯೋಫೀಲನ ಕಿವಿ ಅತ್ತ ಇರಲಿಲ್ಲ. ಅರ್ಧ ತೆರೆದ ಬಾಗಿಲಿನಾಚೆ ಅಡಿಗೆಮನೆಯಲ್ಲಿ ಸೀಸ್ ಮೇಜಿನ ಮೇಲೆ ಬೆರಳಿನಿಂದ ಬಡಿಯುತ್ತ ಸಣ್ಣ ದನಿಯಲ್ಲಿ ಏನನ್ನೋ ಜೋಡಿಸುತ್ತಿದ್ದ. ಫೀಲಣ್ಣ ಹೊಂಟ, ಫೀಲಣ್ಣ ಹೊಂಟ, ಸರ್ಕಾರಿ ಕಾರು ಹತ್ತಿ. ನಮಗೇನ್ ಬಿಟ್ಟ, ನಮಗೇನ್ ಬಿಟ್ಟ. ಅಲ್ಲಿಗೆ ನಿಂತಿತು. ಮತ್ತೆ ಮೊದಲಿನಿಂದ ಹಿಡಿದ, ಮತ್ತೆ ಅಲ್ಲೇ ನಿಂತ. ಕೊನೆಯ ಸಾಲು ಸಿಕ್ಕುತ್ತಿರಲಿಲ್ಲ. ಮುದುಕನಾದ ಪಾಪ, ಮೊದಲಾಗಿದ್ದರೆ ಕಾಫಿ ಆರುವುದರೊಳಗೆ ಮುಗಿಸುತ್ತಿದ್ದ. ಥಿಯೋಫೀಲ್ ಅಧ್ಯಕ್ಷರ ಮುಂದೆ ಕೈ ಎತ್ತಿ ತಡೆದು, ಬಾಗಿಲಿನ ಕಡೆ ತಿರುಗಿ ಕೂಗಿದ:

"ಒಣಗಿದ ಟಾರ್ಟು, ಮೊಂಡು ಕತ್ತಿ!"

ಅಡಿಗೆಮನೆಯಲ್ಲಿ ಸೀಸ್ ಮೇಜು ಗುದ್ದಿಕೊಂಡು ನಕ್ಕದ್ದು ಕೇಳಿಸಿತು. ಅವನ ನಗೆಯ ಮೇಲೆ ಗೊದಲೀವಳ ದನಿ ಬಂತು, ನನ್ನ ಟಾರ್ಟು ಒಣಗಿದ್ದೇನ್ರೀ ಎಂದು. ಮಂತ್ರಿಯಾಗಿ ಅವನು ಮಾಡಿದ ಮೊದಲ ಕೆಲಸವೆಂದರೆ ಎರಡನೆಯ ತುಂಡು ಕತ್ತರಿಸಿ, ಹೆಂಡತಿಗೆ ಕಾಣುವ ಹಾಗೆ ನಿಂತುಕೊಂಡು ತಿಂದದ್ದು.

ಹೊರಗೆ ಜನ ಹೆಚ್ಚಾಗಿದ್ದರು. ಫೀಲಣ್ಣಾ, ಏನಾಯ್ತು ಎಂದು ಯಾರೋ ಕೂಗಿದರು. ಅಧ್ಯಕ್ಷರು ಅವನನ್ನು ಮುಂದೆ ಬಿಟ್ಟುಕೊಂಡು ಮುಂಬಾಗಿಲ ತನಕ ಬಂದು, ಹೊಸ್ತಿಲಲ್ಲಿ ಏನೋ ಕಂಡು ಮುಜುಗರಪಟ್ಟು, ಸಣ್ಣಗೆ ಕೆಮ್ಮಿ, ಬೆರಳಿನಿಂದ ಅವನ ಎದೆಯ ಕಡೆ ತೋರಿಸಿದರು. ಕಪ್ಪು ಕೋಟಿನ ಮೇಲೆ, ಗುಂಡಿಯಿಂದ ಗುಂಡಿಗೆ, ಟಾರ್ಟಿನ ಪುಡಿ. ಝಾಡಿಸಲು ತಮ್ಮ ಕರವಸ್ತ್ರವನ್ನೇ ಮುಂದೆ ಹಿಡಿದರು.

"ಇರ್ಲಿ ಬಿಡಿ ಸ್ವಾಮಿ" ಎಂದ ಥಿಯೋಫೀಲ್. "ಇಲ್ದಿದ್ರೆ ಇವರಿಗೆ ನನ್ನ ಗುರುತು ಸಿಗಲ್ಲ."

ಹೇಳಿ, ಎದೆ ಮುಂದೆ ಮಾಡಿಕೊಂಡು ಹೊರಗೆ ಕಾಲಿಟ್ಟ.